ಕಣ್ಣಿಗೆ ಕಾಣದ ಪಟ್ಟೆ



ಈ ಸಲ ಅಡುಗೆಮನೆ ಬಿಟ್ಟು ಸಿನಿಮಾದ ಮಾತು ಆಡ್ತೀನಿ. ಕೋಪ ಮಾಡಿಕೊಳ್ಳಬೇಡಿ, ಕೊನೆಗೆ ಅದು ನಮ್ಮ ಮನೆ ಬಾಗಿಲಿಗೇ ಬಂದು ನಿಲ್ಲುತ್ತೆ.

ಮೊನ್ನೆ ಮಗ ಮೊಬೈಲಿನಲ್ಲಿ 1939ರ ಹಾಲಿವುಡ್ ಚಿತ್ರವೊಂದನ್ನು ಹಾಕಿಕೊಟ್ಟು, ಕಥೆಯನ್ನೂ ಬಿಡಿಸಿ ಹೇಳಿದ. ಹೆಸರು ‘ಇನ್‌ವಿಸಿಬಲ್ ಸ್ಟ್ರೈಪ್ಸ್’, ಅಂದರೆ ಕಣ್ಣಿಗೆ ಕಾಣದ ಪಟ್ಟೆಗಳು. ಜೈಲಿನಿಂದ ಬಂದ ನಾಯಕ ಜಾರ್ಜ್ ರಾಫ್ಟ್ ನೆಟ್ಟಗೆ ಬಾಳಬೇಕೆಂದು ಕೆಲಸ ಹುಡುಕುತ್ತಾನೆ. ಹೋದಲ್ಲೆಲ್ಲ ಹಳೆಯ ಕಥೆ ಅವನಿಗಿಂತ ಮುಂಚೆ ಹೋಗಿ ಕೂತಿರುತ್ತೆ. ಕೈದಿಯ ಪಟ್ಟೆ ಅಂಗಿ ಕಳಚಿದರೂ ಜನರ ಕಣ್ಣಿಂದ ಪಟ್ಟೆ ಹೋಗೋದಿಲ್ಲ. ಕಡೆಗೆ ತಮ್ಮ ದಾರಿ ತಪ್ಪಬಾರದೆಂದು, ಅವನಿಗೆ ದುಡ್ಡು ಹೊಂದಿಸಲು ತಾನೇ ಹಳೆಯ ಗುಂಪು ಸೇರುತ್ತಾನೆ.

ನಮಗಿದು ಹೊಸ ಕಥೆಯೇನಲ್ಲ. ಯಲ್ದೂರಿನ ಕಡೆ ಕನ್ನಡದಷ್ಟೇ ತೆಲುಗೂ ನಾಲಿಗೆಯ ಮೇಲಿರುತ್ತೆ. ನಾಗಯ್ಯನವರ ‘ಬೀದಲ ಪಾಟ್ಲು’ 1950ರಲ್ಲೇ ಬಂದಿತ್ತು. ಹಸಿದ ಮಕ್ಕಳಿಗಾಗಿ ರೊಟ್ಟಿ ಕದ್ದವನ ಪಾಡದು. ಫ್ರಾನ್ಸಿನ ವಿಕ್ಟರ್ ಹ್ಯೂಗೋ 1862ರಲ್ಲಿ ಪ್ರಕಟಿಸಿದ ಕಾದಂಬರಿಯೇ ಅದಕ್ಕೆ ಮೂಲ. 1957ರಲ್ಲಿ ಶಾಂತಾರಾಂ ಅವರ ‘ದೋ ಆಂಖೇ ಬಾರಹ್ ಹಾಥ್’ ಬಂತು. ಅದರಲ್ಲಿ ಆರು ಜನ ಕೊಲೆಗಾರರು ಜೈಲರನ ನಂಬಿಕೆಯಿಂದ ಬಂಜರು ನೆಲದಲ್ಲಿ ಬೆಳೆ ತೆಗೆಯುತ್ತಾರೆ. ಇದು ಬರೀ ಸಿನಿಮಾ ಅನ್ನಬೇಡಿ. ನಮ್ಮ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲೂ ಬಯಲು ಬಂದೀಖಾನೆ ಇದೆ. ಕೈದಿಗಳು ಅಲ್ಲಿ ವ್ಯವಸಾಯ ಮಾಡುತ್ತಾರೆ.

ಸರ್ಕಾರ ನಂಬಿ ಅವರ ಕೈಗೆ ಗುದ್ದಲಿ ಕೊಡುತ್ತೆ. ಬಿಡುಗಡೆಯಾಗಿ ಊರಿಗೆ ಬಂದ ಮೇಲೆ ನಾವೇನು ಕೊಡುತ್ತೇವೆ?

ಹೋದ ವರ್ಷ ಮಾವಿನ ಕಾಲದಲ್ಲಿ ನಮ್ಮ ಬೀದಿಯ ಒಬ್ಬಾಕೆ ಬಂದು, “ಅಕ್ಕಾ, ನನ್ ಮಗ ಬಂದವ್ನೆ. ಕಾಯಿ ಕೀಳೋಕೆ ಕರ್ಕೊಳ್ಳಿ” ಅಂದಳು. ಕಳ್ಳತನಕ್ಕೆ ಜೈಲಿಗೆ ಹೋಗಿ ಬಂದ ಹುಡುಗ. “ಯಜಮಾನರನ್ನ ಕೇಳಿ ಹೇಳ್ತೀನಿ” ಅಂದೆ. ಕೇಳಲೇ ಇಲ್ಲ. ಅವಳು ಹೊಸಿಲು ದಾಟಿದ್ದೇ ತಡ, ಹಿತ್ತಲ ಬಾಗಿಲಿಗೆ ಬೀಗ ಹಾಕಿದೆ. ಈಗಲೂ ಕೊಳಾಯಿ ಹತ್ತಿರ ನನ್ನನ್ನು ಕಂಡರೆ ಆ ತಾಯಿ ತಲೆ ತಗ್ಗಿಸುತ್ತಾಳೆ. ತಗ್ಗಿಸಬೇಕಾದವಳು ನಾನು. ರೊಟ್ಟಿ ಕದ್ದವನ ಕಥೆಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡವಳು ನಾನೇ ಅಲ್ಲವೇ?

ಬೀರುವಿನ ಬೀಗದಕೈ ಕೊಡಿ ಅಂತ ಹೇಳೋದಿಲ್ಲ. ಒಂದು ದಿನದ ಕೆಲಸ, ಎಲ್ಲರಿಗೂ ಕೊಡುವ ಕೂಲಿ, ಎಲ್ಲರೂ ಕುಡಿಯುವ ಲೋಟದಲ್ಲೇ ಕಾಫಿ, ಇಷ್ಟು ಕೊಡಬಹುದಲ್ಲ? ಈ ಸಲ ಕಾಯಿ ಕೀಳುವ ಹೊತ್ತಿಗೆ ಆ ಮನೆಗೆ ನಾನೇ ಹೋಗಿ ಕರೆಯುತ್ತೇನೆ. ನಿಮ್ಮ ಬೀದಿಯಲ್ಲಿ ಇಂಥವರಿಗೆ ಯಾರಾದರೂ ಕೆಲಸ ಕೊಟ್ಟಿದ್ದರೆ ಬರೆದು ತಿಳಿಸಿ.