ಚರಂಡಿಯ ನೀರಿಗೆ ನುಗ್ಗೆಬೀಜ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಕಡೆ ಹಪ್ಪಳ-ಸಂಡಿಗೆ ಮಾಡಿ ಮಾರುವವರಿದ್ದಾರೆ. ಅಕ್ಕಿ, ಬೇಳೆ ತೊಳೆದ ಆ ಬಿಳಿ ನೀರು ಎಲ್ಲಿಗೆ ಹೋಗುತ್ತದೆಂದು ಯೋಚಿಸಿದ್ದೀರಾ? ಚರಂಡಿಯಲ್ಲಿ ನಿಂತರೆ ನಾರುತ್ತದೆ. ಕಾರ್ಖಾನೆಗಳಿಂದ ಹೇರಳವಾಗಿ ಹಳ್ಳಕ್ಕೆ ಸೇರಿದರೆ ನೀರಿನ ಆಮ್ಲಜನಕ ಕುಗ್ಗಿ ಮೀನುಗಳು ಸಾಯುತ್ತವೆ.

ಇದಕ್ಕೆ ಹಿತ್ತಲ ನುಗ್ಗೆಯಲ್ಲೇ ಒಂದು ಉಪಾಯವಿದೆ. ಒಣಬೀಜದ ಸಿಪ್ಪೆ ತೆಗೆದು ಪುಡಿಮಾಡಿ, ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಕೊಳೆನೀರಿಗೆ ಬೆರೆಸಿ ಒಂದೆರಡು ಗಂಟೆ ಬಿಡಬೇಕು. ಬೀಜದ ಪ್ರೋಟೀನ್ ತೇಲುವ ಕಣಗಳನ್ನು ಒಟ್ಟುಗೂಡಿಸಿ ತಳಕ್ಕಿಳಿಸುತ್ತದೆ. ಪಟಿಕ ಹಾಕಿದರೆ ಕೆಸರಿನಲ್ಲಿ ಅಲ್ಯೂಮಿನಿಯಂ ಉಳಿಯುತ್ತದೆ. ಇದರ ಕೆಸರಾದರೋ ಗೊಬ್ಬರದ ಗುಂಡಿಯಲ್ಲಿ ಕೊಳೆಯುತ್ತದೆ.

ಆದರೆ ಕರಗಿದ ಉಪ್ಪು, ಸಕ್ಕರೆ ನೀರಿನಲ್ಲೇ ಉಳಿಯುತ್ತವೆ. ತಿಳಿಯಾಯಿತೆಂದು ಕುಡಿಯಬೇಡಿ, ಉಪ್ಪಿಲ್ಲದಿದ್ದರೆ ಗಿಡಕ್ಕೆ ಹಾಕಿ. ನೆರೆಯವರ ಬಾಗಿಲಿಗೆ ದುರ್ನಾತ ಕಳಿಸಿ ಗಳಿಸಿದ್ದರಲ್ಲಿ ಬರಕತ್ ಎಲ್ಲಿಂದ ಬಂದೀತು?