ಶಿವಮೊಗ್ಗ: ಆರೋಪ ಕೆಲವರ ಮೇಲೆ, ಶಂಕೆ ಎಲ್ಲರ ಮೇಲೆ

2022ರ ಆಗಸ್ಟ್ 15ರಂದು ಶಿವಮೊಗ್ಗದಲ್ಲಿ ಸಾವರ್ಕರ್ ಭಾವಚಿತ್ರದ ವಿವಾದ ಚೂರಿ ಇರಿತಕ್ಕೆ ತಿರುಗಿತು. ಮರುದಿನ ಭದ್ರಾವತಿಯ ಶಾಲೆಗಳಿಗೂ ರಜೆ ಸಾರಲಾಯಿತು. ಮರುತಿಂಗಳು ಐಎಸ್ ನಂಟಿನ ಆರೋಪದಲ್ಲಿ ಶಿವಮೊಗ್ಗ ಪೊಲೀಸರು ಯುವಕರನ್ನು ಬಂಧಿಸಿದರು. ಆರೋಪ ಗಂಭೀರ; ನಿರ್ಣಯ ನ್ಯಾಯಾಲಯದ್ದು. ಆದರೆ ಅದನ್ನು ಉಭಯ ನಗರಗಳ ಮುಸ್ಲಿಮರೆಲ್ಲರಿಗೂ ಅಂಟಿಸುವುದು ನ್ಯಾಯವಲ್ಲ.

2007ರ ಗ್ಲಾಸ್ಗೋ ದಾಳಿ ನಡೆಸಿದವರಲ್ಲಿ ಬೆಂಗಳೂರಿನ ಕಫೀಲ್ ಅಹ್ಮದ್ ಒಬ್ಬ. ಆತನ ಸಹೋದರನಿಗೆ ಸಿಮ್ ಕಾರ್ಡ್ ನೀಡಿದ್ದರೆಂಬ ಕಾರಣಕ್ಕೆ ಬಂಧು, ವೈದ್ಯ ಮೊಹಮ್ಮದ್ ಹನೀಫ್ ಅವರನ್ನು ಆಸ್ಟ್ರೇಲಿಯಾ ಬಂಧಿಸಿತು; ತಿಂಗಳೊಳಗೆ ಆರೋಪ ಕೈಬಿಟ್ಟಿತು, 2010ರಲ್ಲಿ ಪರಿಹಾರವನ್ನೂ ನೀಡಿತು. ಬಂಧುವೇ ಹೊಣೆಯಲ್ಲವೆಂದ ಮೇಲೆ ಇಡೀ ಸಮುದಾಯ ಹೊಣೆಯಾಗುವುದೆಂತು? ಸಾರಾಸಗಟು ಶಂಕೆಯಿಂದ ತನಿಖೆಗೆ ಬೇಕಾದ ಜನರ ವಿಶ್ವಾಸ ಕುಸಿಯುತ್ತದೆ. ಲಾಭವಾಗುವುದು ಉಗ್ರವಾದಿಗಳಿಗೆ ಮಾತ್ರ.