ಕರೆದರೆ ಓ ಎನ್ನುವವರು

ಕರೆದವರಿಗೆ ಓಗೊಡುವುದು ನಮ್ಮ ಹಳೆಯ ಸೌಜನ್ಯಗಳಲ್ಲಿ ಮೊದಲನೆಯದು. ಹಿತ್ತಿಲಲ್ಲಿರಲಿ, ಹೊಲದ ಬದುವಿನ ಮೇಲಿರಲಿ, ತನ್ನ ಹೆಸರು ಕಿವಿಗೆ ಬಿದ್ದೊಡನೆ ಮನುಷ್ಯ 'ಓ' ಎನ್ನುತ್ತಾನೆ. 'ನಾನಿದ್ದೇನೆ, ಕೇಳುತ್ತಿದ್ದೇನೆ' ಎಂಬುದಿಷ್ಟೆ ಆ ಒಂದಕ್ಷರದ ಅರ್ಥ. ಹಗರಿಬೊಮ್ಮನಹಳ್ಳಿಯಂಥ ಊರಿನ ವ್ಯಾಪಾರಸ್ಥರೂ ತಮ್ಮ ದೂರವಾಣಿಗೆ ಮುದ್ರಿತ ಸ್ವಾಗತವನ್ನು ಜೋಡಿಸಿಕೊಳ್ಳುತ್ತಿರುವ ಈ ದಿನಗಳಲ್ಲಿ, ಆ 'ಓ' ಎಲ್ಲಿಗೆ ಹೋಯಿತೆಂದು ಕೇಳಿಕೊಳ್ಳುವುದು ಅನುಚಿತವಾಗಲಾರದು.

ಕಳೆದ ಮುಂಗಾರಿನಲ್ಲಿ ನೆರೆಮನೆಯ ಹಿರಿಯರೊಬ್ಬರ ಹೊಲದಲ್ಲಿ ಮೆಕ್ಕೆಜೋಳದ ಬೀಜ ಮೊಳೆಯಲಿಲ್ಲ. ಬೀಜದ ಚೀಲದ ಮೇಲೆ ಅಚ್ಚಾಗಿದ್ದ ಸಂಖ್ಯೆಗೆ ಅವರು ನನ್ನೆದುರಿನಲ್ಲೇ ಫೋನು ಮಾಡಿದರು. ಇಂಪಾದ ಹೆಣ್ಣುದನಿಯೊಂದು, 'ನಮಸ್ಕಾರ, ನಿಮ್ಮ ಕರೆ ನಮಗೆ ಅತ್ಯಮೂಲ್ಯ' ಎಂದಿತು.

'ನಮಸ್ಕಾರ್ರೀ ಅಕ್ಕಾರ. ಬಿತ್ತಿ ಹನ್ನೆರಡು ದಿನಾತು, ಒಂದು ಸಸೀನೂ ಎದ್ದಿಲ್ಲ ನೋಡ್ರಿ' ಎಂದು ಇವರು ಆರಂಭಿಸಿದರು.

ದನಿ ನಿಲ್ಲಲಿಲ್ಲ. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ತನ್ನ ಪಾಡಿಗೆ ತಾನು ಹೇಳುತ್ತಲೇ ಹೋಯಿತು. 'ತಡೀರಿ ಅಕ್ಕಾರ, ನಂದು ಒಂದೀಟು ಕೇಳ್ರಿ' ಎಂದು ಅವರು ಅಂಗಲಾಚುತ್ತಿರುವಾಗಲೇ ಕರೆ ಕಡಿದುಹೋಯಿತು.

'ಅದು ಯಂತ್ರ, ಅಜ್ಜಾರ' ಎಂದೆ.

'ಹೌದೇನು? ನಾನು ಮನುಷ್ಯರು ಅಂದ್ಕೊಂಡೆ' ಎಂದು ನಕ್ಕರು. ಆ ನಗೆಯಲ್ಲಿ ನಾಚಿಕೆಯಿತ್ತು. ನಾಚಬೇಕಾದವರು ಅವರಲ್ಲ ಎಂಬುದನ್ನು ಹೇಳುವುದಕ್ಕಾಗಿಯೇ ಈ ನಾಲ್ಕು ಮಾತು.

ಯಂತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅಂಗಡಿಯಲ್ಲಿ ಒಬ್ಬನೇ ಇರುವ ವ್ಯಾಪಾರಿ ಊಟಕ್ಕೆ ಹೋಗಬೇಕು, ರಾತ್ರಿ ಮಲಗಬೇಕು. ಅಂಥ ಹೊತ್ತಿನಲ್ಲಿ ಬಂದ ಕರೆ ಬರಿದೇ ಹೋಗದಿರಲಿ ಎಂಬ ಆಸೆ ಹಳೆಯದು. ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸನ್ ಎಂಬಾತ ದೂರವಾಣಿಯ ಮಾತನ್ನು ಉಕ್ಕಿನ ತಂತಿಯ ಮೇಲೆ ಹಿಡಿದಿಡುವ ಯಂತ್ರವನ್ನು 1898ರಲ್ಲಿಯೇ ರೂಪಿಸಿದ. ಸ್ವಾಗತದ ನುಡಿ ಇಂಥ ಯಂತ್ರಕ್ಕೆ ಪೀಠಿಕೆಯಾಗಿ ಬಂದದ್ದು. ಮುಖ್ಯವಾದದ್ದು ಅದರ ಬಳಿಕ ಕರೆದವನು ಆಡುವ ಮಾತು. ಈಗ ಆಗಿರುವುದೇನು? ಕರೆದವನ ಮಾತನ್ನು ಉಳಿಸಲು ಹುಟ್ಟಿದ ಯಂತ್ರ, ಕರೆಸಿಕೊಂಡವನ ಮಾತನ್ನು ಮಾತ್ರ ಸಾರುತ್ತಿದೆ. ಪೀಠಿಕೆಯೇ ಗ್ರಂಥವಾಗಿ ಕುಳಿತಿದೆ.

ಮುದ್ರಿತ ದನಿಯಲ್ಲಿ ಜೀವವಿರದು ಎನ್ನುವುದೂ ಸರಿಯಲ್ಲ. ಬೆಂಗಳೂರಿನ ಮೆಟ್ರೊ ರೈಲಿನ ಕನ್ನಡ ಪ್ರಕಟಣೆಗಳಿಗೆ ದನಿಯಾಗಿದ್ದ ಅಪರ್ಣಾ ಅವರು 2024ರ ಜುಲೈ 11ರಂದು ತೀರಿಕೊಂಡಾಗ, ಅವರನ್ನು ಎಂದೂ ಎದುರಿಗೆ ಕಾಣದ ಪ್ರಯಾಣಿಕರು ಕೂಡ ಮನೆಯವರನ್ನು ಕಳೆದುಕೊಂಡಂತೆ ಮರುಗಿದರು. ಆ ದನಿ ಯಾರನ್ನೂ ಓಲೈಸಿದ್ದಿಲ್ಲ. ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ತೆರೆಯುವುದು ಎಂಬುದನ್ನು ತಿಳಿಗನ್ನಡದಲ್ಲಿ ಹೇಳುತ್ತಿತ್ತು. ಅದು ಹೇಳಿದ ನಿಲ್ದಾಣ ಬರುತ್ತಿತ್ತು. ನಂಬಿಕೆ ಹುಟ್ಟುವುದು ಹೀಗೆ.

ನಮ್ಮ ಅಂಗಡಿಗಳ ಸ್ವಾಗತವೂ ಹೀಗೇಕಿರಬಾರದು? 'ನಿಮ್ಮ ಕರೆ ನಮಗೆ ಅತ್ಯಮೂಲ್ಯ' ಎಂಬುದು ಎರವಲು ತಂದ ಸೌಜನ್ಯ. ಬಂದವರಿಗೆ 'ಬರ್ರಿ, ಕುಂದ್ರಿ' ಎಂದು ನೀರು ಕೊಡುವ ಸೀಮೆಯಲ್ಲಿ ನೀವು ಅಮೂಲ್ಯರೆಂದು ಯಾರೂ ಸಾರುವುದಿಲ್ಲ; ಕುಳ್ಳಿರಿಸಿದ್ದರಲ್ಲೇ ಆ ಮಾತು ಅಡಗಿದೆ. ಸ್ವಾಗತವನ್ನು ಮುದ್ರಿಸುವವರು ಮೊದಲು ಅಂಗಡಿಯ ಹೆಸರು ಹೇಳಲಿ. ಕೇಳುತ್ತಿರುವುದು ಮುದ್ರಿತ ದನಿ ಎಂಬುದನ್ನು ಮುಚ್ಚಿಡದಿರಲಿ. ಎಷ್ಟು ಹೊತ್ತಿಗೆ ಮನುಷ್ಯರು ಸಿಗುತ್ತಾರೆ ಎಂಬುದನ್ನು ತಿಳಿಸಲಿ. ಕೆಲಸದ ವೇಳೆಗೊಂದು, ರಾತ್ರಿಗೊಂದು, ಕೊಟ್ಟೂರಿನ ತೇರಿಗೆ ಬಾಗಿಲು ಮುಚ್ಚಿದ ದಿನಕ್ಕೊಂದು ಎಂದು ಬೇರೆ ಬೇರೆ ನುಡಿ ಇರಲಿ. ತೇರು ಮುಗಿದ ಮೇಲೂ ತೇರಿನ ರಜೆಯನ್ನೇ ಸಾರುತ್ತಿರುವ ದನಿಯನ್ನು ಯಾರು ನಂಬಿಯಾರು? ಒತ್ತಬೇಕಾದ ಅಂಕಿಗಳು ಮೂರನ್ನು ಮೀರದಿರಲಿ. 'ಬೆಲೆ ತಿಳಿಯಲು ಒಂದನ್ನು ಒತ್ತಿ' ಎಂದು ಉದ್ದೇಶವನ್ನು ಮೊದಲೂ ಅಂಕಿಯನ್ನು ಕಡೆಗೂ ಹೇಳುವುದು ಕನ್ನಡದ ವಾಕ್ಯಕ್ಕೆ ಸಹಜವಾಗಿಯೇ ಒಗ್ಗಿದೆ. ಕೇಳುವವನ ನೆನಪಿಗೂ ಅದೇ ಹಗುರ. ಅಂಕಿಯನ್ನೇ ಒತ್ತಲಾಗದವನ ಕರೆ ತಾನಾಗಿ ಒಬ್ಬ ಮನುಷ್ಯನ ಬಳಿಗೆ ಹೋಗಲಿ. ಇಷ್ಟೆಲ್ಲ ಜೋಡಿಸಿದ ಮೇಲೆ ಯಜಮಾನನು ಬೇರೊಂದು ಫೋನಿನಿಂದ ತನ್ನ ಅಂಗಡಿಗೇ ಕರೆ ಮಾಡಿ, ಗಿರಾಕಿಯ ಕಿವಿಯಿಂದ ಒಮ್ಮೆ ಕೇಳಲಿ.

ಸಾವಿರಾರು ಕರೆಗಳು ಬರುವ ಕಡೆ ಇದೆಲ್ಲ ಆಗದ ಮಾತು ಎನ್ನುವವರುಂಟು. ಕೇಂದ್ರ ಸರ್ಕಾರ 2004ರ ಜನವರಿಯಲ್ಲಿ ತೆರೆದ ಕಿಸಾನ್ ಕಾಲ್ ಸೆಂಟರ್ ದೇಶದ ರೈತರಿಗೆಲ್ಲ ಸೇರಿದ್ದು. ಅಲ್ಲಿ ರೈತನ ಭಾಷೆಯಲ್ಲೇ ಮನುಷ್ಯರು ಉತ್ತರಿಸಬೇಕೆಂಬುದು ಏರ್ಪಾಡು. ಕೊರತೆ ಇರುವುದು ಯಂತ್ರದಲ್ಲಲ್ಲ, ಮನಸ್ಸಿನಲ್ಲಿ.

ಒಂದೇ ಮಾತಾಡಿ ಮೌನವಾಗುವ ದನಿ ನಮ್ಮ ಸೀಮೆಗೆ ಹೊಸದೇನಲ್ಲ. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಪ್ರತಿವರ್ಷವೂ ಗೊರವಯ್ಯ ಎತ್ತರದ ಬಿಲ್ಲನ್ನೇರಿ 'ಸದ್ದಲೇ' ಎನ್ನುತ್ತಾನೆ. ನೆರೆದ ಜನಸಾಗರ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಒಂದೇ ಸಾಲಿನ ಕಾರಣಿಕ ನುಡಿದು ಅವನು ಕೆಳಕ್ಕೆ ಧುಮುಕುತ್ತಾನೆ. ಅವನನ್ನು ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಮಳೆಯೆಂದೂ ಬೆಳೆಯೆಂದೂ ಅರ್ಥವನ್ನು ತಾವೇ ಹುಡುಕಿಕೊಳ್ಳುತ್ತಾರೆ. ದೈವದ ಮಾತಿಗೆ ಆ ಗೌರವ ಸಲ್ಲುತ್ತದೆ. ಬೀಜ ಮಾರುವವನಿಗೆ ಅದು ಸಲ್ಲದು. ಬಿತ್ತಿದ್ದು ಮೊಳೆಯದೆ ಹೋದವನಿಗೆ ಬೇಕಾದದ್ದು ಕಾರಣಿಕವಲ್ಲ, ಉತ್ತರ.

ದನಿಯನ್ನು ಧಾರಾಳವಾಗಿ ಮುದ್ರಿಸೋಣ. ಆದರೆ ಆ ದನಿಯ ಹಿಂದೆ ಒಬ್ಬರು ಇರಲಿ, ತಡವಾಗಿಯಾದರೂ ಮರಳಿ ಕರೆದು 'ಹೇಳ್ರಿ ಅಜ್ಜಾರ' ಎನ್ನಲಿ. 'ಓ' ಎಂಬುದನ್ನು ಯಂತ್ರವೂ ಹೇಳೀತು. ಕೇಳುವ ಕೆಲಸ ಮಾತ್ರ ಮನುಷ್ಯನದೇ.